ದೊಡ್ಡಮ್ಮನಿಗೆ ತೆಂಗಿನಕಾಯಿ ತೋರಿಸಿದ ದಿನ

ಮೊನ್ನೆ ಫ್ರಿಜ್ಜಿನ ಬಾಗಿಲ ಮೂಲೆಯಲ್ಲಿ, ಖಾಲಿಯಾದ ಉಪ್ಪಿನಕಾಯಿ ಬಾಟಲಿಯ ಹಿಂದೆ, ಒಂದು ತೆಂಗಿನಕಾಯಿ ಮಿಠಾಯಿ ಸಿಕ್ಕಿತು. ಹಳೇದು. ಆದರೂ ಮಿಠಾಯಿ ಮಿಠಾಯಿಯೇ ಅಲ್ವಾ ಅಂತ ಬಾಯಿಗೆ ಹಾಕಿಕೊಂಡೆ. ಮೂರನೇ ಸಲ ಅಗಿಯುವಷ್ಟರಲ್ಲಿ ಎಡಗಡೆ ದವಡೆ ಹಲ್ಲಿನ ಕ್ಯಾಪು ಮಿಠಾಯಿಯ ಜೊತೆ ಎದ್ದು ಬಂತು.

"ಏನು ತಿಂದ್ರಿ?" ಅಂತ ಡಾಕ್ಟರಮ್ಮ ಕೇಳಿದರು. "ಮೆಕಾಂಗ್ ನದಿ ಡೆಲ್ಟಾ" ಅನ್ನಬೇಕು ಅನ್ನಿಸಿತು. ಬಾಯಿ ತುಂಬ ಹತ್ತಿ ತುರುಕಿದ್ದರಿಂದ ಸುಮ್ಮನಾದೆ. ಕ್ಯಾಪು ಮತ್ತೆ ಕೂರಿಸೋಕೆ ಅವರು ಹೇಳಿದ ದುಡ್ಡು, ಆ ಡೆಲ್ಟಾ ನೋಡೋಕೆ ನಾನು ಕೊಟ್ಟ ದುಡ್ಡಿಗಿಂತ ಜಾಸ್ತಿ. ಆ ಹೊಟ್ಟೆಯುರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಡೆಲ್ಟಾ ನೋಡಬೇಕು ಅನ್ನೋದು ನನಗೆ ಸ್ಕೂಲಿನಿಂದ ಉಳಿದ ಆಸೆ. ನದೀಮುಖಜ ಭೂಮಿ ಅಂತ ಪಾಠ ಇತ್ತು. ಒಂದು ತ್ರಿಕೋನ ಬರೆದು, ಒಳಗೆ ನಾಲ್ಕು ಗೆರೆ ಎಳೆದರೆ ಎರಡು ಮಾರ್ಕು. ನಮ್ಮ ರಾಜ್ಯದೊಳಗೆ ಅದನ್ನು ನೋಡೋಣ ಅಂದರೆ ಹೇಳಿಕೊಳ್ಳುವಂಥದ್ದು ಇಲ್ಲ. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ, ಬಾಲ್ಯ ಎಲ್ಲ ಇಲ್ಲೇ ಕಳೆಯುತ್ತಾಳೆ, ಸಂಸಾರ ಹೂಡೋದು ಮಾತ್ರ ತಂಜಾವೂರಿನಲ್ಲಿ. ಕೃಷ್ಣೆ ಹೋಗಿ ಆಂಧ್ರದಲ್ಲಿ ಹರಡಿಕೊಳ್ಳುತ್ತಾಳೆ. ಹಾಗಾಗಿ ಕನ್ನಡಿಗನಿಗೆ ಡೆಲ್ಟಾ ಅಂದರೆ ಯಾವಾಗಲೂ ಇನ್ನೊಬ್ಬರ ಮನೆಯ ವಿಷಯ. ನೋಡೋದೇ ಆದರೆ ಪಕ್ಕದ ಮನೆಯದ್ದೇ ಯಾಕೆ, ದೂರದ್ದೇ ನೋಡೋಣ ಅಂತ ವಿಯೆಟ್ನಾಂಗೆ ಹೋದೆವು.

ಹೋದೆವು ಅಂದರೆ ನಾನು, ನನ್ನ ಹೆಂಡತಿ ಮತ್ತು ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಇರುವ ನಮ್ಮ ದೊಡ್ಡಮ್ಮ. ದೊಡ್ಡಮ್ಮ ಯಾಕೆ ಅಂತ ಕೇಳಬೇಡಿ. ಮಗ ಅಮೆರಿಕಾಕ್ಕೆ ಕರೆಸಿಕೊಳ್ತೀನಿ ಅಂತ ಪಾಸ್‌ಪೋರ್ಟ್ ಮಾಡಿಸಿದ್ದ. ಕರೆಸಿಕೊಳ್ಳಲಿಲ್ಲ. ಅದರ ಅವಧಿ ಮುಗಿಯೋಕೆ ಬಂದಿತ್ತು. "ಅಷ್ಟು ದುಡ್ಡು ಕೊಟ್ಟು ಮಾಡಿಸಿರೋದು, ಒಂದು ಸೀಲಾದ್ರೂ ಬೀಳಲಿ" ಅಂತ ಹೊರಟುಬಿಟ್ಟರು.

ಹೊ ಚಿ ಮಿನ್ ಸಿಟಿಯಲ್ಲಿ ಬೆಳಿಗ್ಗೆ ಏಳೂವರೆಗೆ ಬಸ್ಸು. ಹತ್ತುವ ಮೊದಲೇ ಎದೆಗೆ ಒಂದು ದುಂಡನೆಯ ಹಳದಿ ಸ್ಟಿಕರ್ ಅಂಟಿಸಿದರು. ಕಳೆದುಹೋದರೆ ಗುರುತು ಹಿಡಿಯೋಕಂತೆ. ಅರವತ್ತು ಎಪ್ಪತ್ತು ಕುರಿ ಇರೋ ಮಂದೆಯಲ್ಲಿ ಕಿವಿಗೆ ಬಣ್ಣ ಹಚ್ತಾರಲ್ಲ, ಹಾಗೆ. ದೊಡ್ಡಮ್ಮ ಸ್ಟಿಕರನ್ನು ಸೆರಗಿನಿಂದ ಕಿತ್ತು ಚೀಲಕ್ಕೆ ಅಂಟಿಸಿದರು. "ಚೀಲ ಕಳೆದ್ರೆ ತಾನೆ ಕಷ್ಟ, ನಾನು ಎಲ್ಲಿಗೆ ಹೋಗ್ತೀನಿ?"

ಗೈಡ್ ಚುರುಕಿನ ಹುಡುಗ. ವಿದೇಶಿಯರ ಬಾಯಿಗೆ ಸುಲಭ ಆಗಲಿ ಅಂತ ಒಂದು ಇಂಗ್ಲಿಷ್ ಹೆಸರು ಇಟ್ಟುಕೊಂಡಿದ್ದ. ನಮ್ಮ ಕಡೆ ಆ ಹೆಸರನ್ನು ನಾಯಿಗೆ ಇಡೋದು. ದೊಡ್ಡಮ್ಮನಿಗೆ ಅದು ಗೊತ್ತಾದ ಕೂಡಲೇ, "ಛೆ, ತಾಯಿ ಹೆತ್ತ ಮಗನ್ನ ಹಂಗೆ ಕರೆಯಕ್ಕಾಗಲ್ಲ ಕಣ್ಲಾ" ಅಂದವರು ಸಂಜೆವರೆಗೂ ಅವನನ್ನು "ಮಗಾ" ಅಂತಲೇ ಕರೆದರು. ಅವನೂ ಅದಕ್ಕೇ ಓಗೊಡುತ್ತಿದ್ದ.

ಅವನ ಬಾಯಲ್ಲಿ ಇದ್ದಿದ್ದು ಒಂದೇ ಮಂತ್ರ: ಹದಿನೈದು ನಿಮಿಷ. ದಾರಿಯಲ್ಲಿ ತಾವರೆ ಕೊಳದ ಪಕ್ಕ ಶೌಚಾಲಯ, ಹದಿನೈದು ನಿಮಿಷ. ಮಿ ಥೊ ಊರಿನ ವಿನ್ ಚಾಂಗ್ ದೇವಸ್ಥಾನ, ಹದಿನೈದು ನಿಮಿಷ. ಅಲ್ಲಿ ಹೊಟ್ಟೆ ಬಿಟ್ಟುಕೊಂಡು ನಗುವ ದೊಡ್ಡ ಬುದ್ಧ ಇದ್ದಾನೆ, ಮಲಗಿದ ಬುದ್ಧ ಇದ್ದಾನೆ. ಬಸ್ಸಿನವರಿಗಿಂತ ಇಬ್ಬರೂ ಆರಾಮಾಗಿದ್ದರು. ಆಮೇಲೆ ಮೋಟಾರು ದೋಣಿ ಹತ್ತಿ ದ್ವೀಪಕ್ಕೆ. ಇಲ್ಲಿ ನಾಲ್ಕು ದ್ವೀಪ, ಡ್ರ್ಯಾಗನ್, ಯೂನಿಕಾರ್ನ್, ಫೀನಿಕ್ಸ್, ಆಮೆ ಅಂತ ಹೆಸರು. ಒಂದರಲ್ಲಿ ಇಳಿಸಿ ಜೇನಿನ ಚಹಾ ಕುಡಿಸಿದರು, ಜೇನುಹುಟ್ಟಿನ ಚೌಕಟ್ಟು ಕೈಗೆ ಕೊಟ್ಟು ಫೋಟೋ ಹಿಡಿದರು, ಹೆಬ್ಬಾವು ಹೆಗಲಿಗೆ ಹಾಕಲೇ ಅಂದರು. ಬೇಡ ಅಂದೆ. ಆ ಹೆಬ್ಬಾವಿನ ಮುಖದಲ್ಲಿ ನನ್ನ ಮುಖದಲ್ಲಿ ಇದ್ದ ಭಾವನೆಯೇ ಇತ್ತು.

ಹಲಸು, ಡ್ರ್ಯಾಗನ್ ಹಣ್ಣು, ಚಕ್ಕೋತ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಉಪ್ಪು ಖಾರ ಇಟ್ಟರು. ಅದೊಂದು ಇಷ್ಟವಾಯಿತು. ತಿನ್ನುವಾಗ ಹಾಡು. ದಕ್ಷಿಣ ವಿಯೆಟ್ನಾಂನ ಈ ಸಂಗೀತವನ್ನು 2013ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ. ಅದರಲ್ಲಿ ನುಡಿಸುವ ಗಿಟಾರಿನ ಮೆಟ್ಟಿಲುಗಳ ನಡುವೆ ಮರವನ್ನು ಕೆತ್ತಿ ಗುಳಿ ಮಾಡಿರುತ್ತಾರೆ, ತಂತಿ ಒತ್ತಿದಷ್ಟೂ ಸ್ವರ ಬಾಗುತ್ತದೆ. ನಮ್ಮ ವೀಣೆಯವರು ತಂತಿ ಎಳೆಯುವ ಹಾಗೇ ಕೇಳಿಸುತ್ತದೆ. ಕಿವಿ ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಆ ಹೆಂಗಸರು ಅದನ್ನು ನಿಲ್ಲಿಸಿ, ಕೈ ತಟ್ಟುವ ಒಂದು ಇಂಗ್ಲಿಷ್ ಶಿಶುಗೀತೆ ಶುರು ಮಾಡಿದರು. ನಲವತ್ತು ಜನ ದೊಡ್ಡವರು ಕೈ ತಟ್ಟಿದರು. ಆಮೇಲೆ ದುಡ್ಡಿನ ಬುಟ್ಟಿ ಬಂತು. ನನಗೆ ಯಾರ ಮೇಲೆ ಸಿಟ್ಟು ಬಂತು ಅಂತ ಈಗಲೂ ಸರಿಯಾಗಿ ಗೊತ್ತಿಲ್ಲ. ನಾನೂ ಕೈ ತಟ್ಟಿದ್ದೆ.

ಡೆಲ್ಟಾದ ಬಗ್ಗೆ ಒಂದು ಮುಖ್ಯವಾದ ಮಾತು ಹೇಳಬೇಕು ಅಂತಲೇ ಬರೆಯೋಕೆ ಕೂತಿದ್ದು. ಅದು ಆಮೇಲೆ. ಮೊದಲು ತೆಂಗಿನಕಾಯಿ.

ಬೆನ್ ತ್ರೆ ಅನ್ನೋದು ವಿಯೆಟ್ನಾಂನ ತೆಂಗಿನ ಸೀಮೆ. ಅಲ್ಲಿಯ ತೆಂಗಿನಕಾಯಿ ಮಿಠಾಯಿಗೆ ದೇಶವೆಲ್ಲ ಹೆಸರು. ದೋಣಿ ಇಳಿಸಿ ಒಂದು ಉದ್ದನೆಯ ಗರಿ ಚಪ್ಪರದ ಕೆಳಗೆ ಕರೆದುಕೊಂಡು ಹೋದರು. ಗೈಡ್ ಹುಡುಗ ಎಲ್ಲರನ್ನೂ ಅರ್ಧ ಚಂದ್ರದ ಆಕಾರದಲ್ಲಿ ನಿಲ್ಲಿಸಿ, ದನಿ ಇಳಿಸಿ, ಮಾಟಗಾರನ ಹಾಗೆ ಒಂದು ತೆಂಗಿನಕಾಯಿ ಎತ್ತಿ ಹಿಡಿದ. "ಇದು ತೆಂಗಿನಕಾಯಿ."

ಆಸ್ಟ್ರೇಲಿಯಾದ ದಂಪತಿ ಫೋನು ತೆಗೆದು ರೆಕಾರ್ಡ್ ಮಾಡಿಕೊಂಡರು. ದೊಡ್ಡಮ್ಮ ನನ್ನ ಕಡೆ ತಿರುಗಿದರು. ತಿರುಗಿ ಏನೂ ಹೇಳಲಿಲ್ಲ, ಅದೇ ಕಷ್ಟವಾಗಿದ್ದು.

ನೀವು ತಿಪಟೂರು ಕಡೆಯವರಲ್ಲದಿದ್ದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕಡೆ ಕಾಯಿ ಇಳಿಸಿದ ಕೂಡಲೇ ಒಡೆಯೋದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ದೊಡ್ಡಮ್ಮನ ಮನೆಯಲ್ಲಿ ಅಡುಗೆಮನೆಯ ಪಕ್ಕ ಅಟ್ಟ, ಒಲೆಯ ಹೊಗೆ ಅದಕ್ಕೆ ತಾಗುತ್ತಿರಬೇಕು. ಅಲ್ಲಿ ಕಾಯಿ ಹೆಚ್ಚು ಕಡಿಮೆ ಒಂದು ವರ್ಷ ಕೂರುತ್ತದೆ. ಒಳಗಿನ ನೀರು ತಾನಾಗಿ ಇಂಗುತ್ತದೆ. ತಿರುಳು ಚಿಪ್ಪನ್ನು ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟ ಲೊಟ ಅನ್ನಬೇಕು, ಆಗ ಉಂಡೆ ಕೊಬ್ಬರಿ ಆಯಿತು ಅಂತ. ಚಿಪ್ಪು ಒಡೆಯುವಾಗ ಒಳಗಿನ ಉಂಡೆಗೆ ಪೆಟ್ಟು ಬೀಳಬಾರದು. ಅದಕ್ಕೊಂದು ಕೈ ಬೇಕು. ಚಿಕ್ಕಂದಿನಲ್ಲಿ ರಜೆಗೆ ಹೋದಾಗ ನನಗೂ ನಾಲ್ಕು ಕಾಯಿ ಕೊಟ್ಟಿದ್ದರು, ನಾಲ್ಕೂ ಹೋಳಾದವು. ಆ ನಾಲ್ಕು ಹೋಳಿನ ಲೆಕ್ಕ ದೊಡ್ಡಮ್ಮ ಈಗಲೂ ಮದುವೆ ಮನೆಗಳಲ್ಲಿ ಒಪ್ಪಿಸುತ್ತಾರೆ. ನುಸಿ ಬಂದು ಕಾಯೆಲ್ಲ ಸುಕ್ಕು ಸುಕ್ಕಾಗಿ ಗಾತ್ರ ಇಳಿದ ವರ್ಷಗಳಲ್ಲೂ ಅವರು ಅಟ್ಟ ಖಾಲಿ ಬಿಟ್ಟವರಲ್ಲ. ಇಂಥವರ ಮುಂದೆ ಆ ಹುಡುಗ "ಇದು ತೆಂಗಿನಕಾಯಿ" ಅಂದಿದ್ದ.

ಒಬ್ಬ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ, ಮೂರು ತಿರುವಿಗೆ ಸಿಪ್ಪೆ ಬಿಡಿಸಿ ತೋರಿಸಿದ. ಚಪ್ಪಾಳೆ ಬಿತ್ತು. ಮೋಟಾರಿನಲ್ಲಿ ಕಾಯಿ ತುರಿದರು, ಹಾಲು ಹಿಂಡಿದರು, ಸಕ್ಕರೆ ಹಾಕಿ ದೊಡ್ಡ ಬಾಣಲೆಯಲ್ಲಿ ಕಾಯಿಸಿದರು, ಮರದ ಅಚ್ಚಿಗೆ ಸುರಿದು ಕತ್ತರಿಸಿದರು. ಒಂದು ಉದ್ದ ಮೇಜಿನ ಸುತ್ತ ಹೆಂಗಸರು ಮಿಠಾಯಿ ಸುತ್ತುತ್ತಿದ್ದರು. ಕಾಗದದ ಒಳಗೆ ಇನ್ನೊಂದು ತೆಳುವಾದ ಪೊರೆ, ಅಕ್ಕಿಯದು, ಅದನ್ನೂ ತಿನ್ನಬಹುದು. ನಮಗದು ಗೊತ್ತಿಲ್ಲದೆ ನಾನೂ ನನ್ನ ಹೆಂಡತಿಯೂ ಮೂಲೆಯಲ್ಲಿ ನಿಂತು ಐದು ನಿಮಿಷ ಉಗುರಿನಿಂದ ಪ್ಲಾಸ್ಟಿಕ್ ಕೆರೆದೆವು. ಹದಿನೈದರಲ್ಲಿ ಐದು ಅಲ್ಲೇ ಹೋಯಿತು.

ಅಷ್ಟರಲ್ಲಿ ದೊಡ್ಡಮ್ಮ ಗುಂಪಿನಿಂದ ಕಾಣೆ. ನೋಡಿದರೆ ಕಾಯಿ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಸಿಪ್ಪೆ ಬಿಡಿಸುವವನು ಕೆಲಸ ನಿಲ್ಲಿಸಿ ನೋಡುತ್ತಿದ್ದ.

"ಎಲ್ಲ ನೀರು ಕಾಯಿ. ಅವಸರ ಮಾಡ್ತವ್ರೆ" ಅಂದರು. ನಾನು ಇಂಗ್ಲಿಷಿಗೆ ಹಾಕಿದೆ, ಗೈಡ್ ವಿಯೆಟ್ನಾಮಿಗೆ ಹಾಕಿದ. ಅವನು ಏನೋ ಹೇಳಿದ. ಮಿಠಾಯಿಗೆ ಹಾಲು ಬೇಕಲ್ಲ, ಒಣಗಿಸಿದರೆ ಏನು ಬಂತು ಅಂತ ಅದರ ಅರ್ಥ. ನ್ಯಾಯವಾದ ಮಾತು. ದೊಡ್ಡಮ್ಮ ಒಪ್ಪಲಿಲ್ಲ. ಒಂದು ಕಾಯಿಗೆ ಎಷ್ಟು ಸಿಗುತ್ತೆ ಕೇಳು ಅಂದರು. ಹತ್ತು ಸಾವಿರ ಅಂತ ಉತ್ತರ ಬಂತು.

"ಹತ್ತು ಸಾವಿರಾನಾ!"

ಅದು ಡಾಂಗು, ನಮ್ಮ ಲೆಕ್ಕದಲ್ಲಿ ಮೂವತ್ತು ಚಿಲ್ಲರೆ ರೂಪಾಯಿ ಅಂತ ತಿಳಿಸಿ ಹೇಳೋಕೆ ಇನ್ನೊಂದು ಹದಿನೈದು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಇಬ್ಬರೂ, ಅವನೂ ದೊಡ್ಡಮ್ಮನೂ, ಒಂದೇ ಥರ ಮುಖ ಮಾಡಿ ತಲೆ ಅಲ್ಲಾಡಿಸಿದರು. ಅದಕ್ಕೆ ಯಾರೂ ಅನುವಾದ ಮಾಡಬೇಕಾಗಲಿಲ್ಲ. ಆಮೇಲೆ ಗೈಡ್ ತಾನೇ ಕೇಳಿದ, ನಿಮ್ಮೂರಲ್ಲಿ ಹೇಗೆ ಮಾಡ್ತೀರಿ ಅಂತ. ಅಟ್ಟದ ಕಥೆ ಹೇಳಿದೆ. "ಒಂದು ವರ್ಷ?" ಅಂದ. "ಸುಮ್ಮನೆ ಇಡ್ತೀರಾ? ಏನೂ ಮಾಡಲ್ವಾ?"

"ಕಾಯ್ತೀವಿ. ಕಾಯಿ ಅಂದ್ಮೇಲೆ ಕಾಯಬೇಕಪ್ಪ" ಅಂದರು ದೊಡ್ಡಮ್ಮ. ಇದನ್ನು ಇಂಗ್ಲಿಷಿಗೆ ಹಾಕೋಕೆ ನನಗೆ ಬರಲಿಲ್ಲ. ಅಟ್ಟದ ಫೋಟೋ ಕಳಿಸಿ ಅಂತ ಅವನು ನಂಬರು ಕೊಟ್ಟ. ಮಿಠಾಯಿ ಚೂರು ಬಾಯಿಗೆ ಹಾಕಿಕೊಂಡ ದೊಡ್ಡಮ್ಮ ಹೊರಡುವಾಗ ಒಂದು ತೀರ್ಪು ಕೊಟ್ಟರು: "ಪಾಕ ಒಂದು ಹದ ಮುಂದೆ ಹೋಗೈತೆ. ಹಲ್ಲು ಹುಷಾರು." ಅಷ್ಟು ಹೇಳಿ ಆರು ಪೊಟ್ಟಣ ಕೊಂಡರು.

ಅಲ್ಲಿಂದ ಚಿಕ್ಕ ದೋಣಿ. ಎರಡೂ ಕಡೆ ನೀರಿನಲ್ಲೇ ಬೆಳೆಯುವ, ತೆಂಗಿನ ಗರಿಯಂಥದ್ದೇ ಗರಿಯ ಗಿಡ, ನಡುವೆ ಕಾಫಿ ಬಣ್ಣದ ನೀರು. ಮುಂದೊಬ್ಬಳು ಹಿಂದೊಬ್ಬಳು ಹುಟ್ಟು ಹಾಕುತ್ತಾರೆ. ಬ್ರೋಚರಿನಲ್ಲಿ ಇದ್ದಿದ್ದು ಒಂದೇ ದೋಣಿ, ಮಂಜು, ಮೌನ. ನಮ್ಮದು ಸಿಲ್ಕ್ ಬೋರ್ಡ್. ಹೋಗೋ ದೋಣಿ, ಬರೋ ದೋಣಿ, ಒಂದಕ್ಕೊಂದು ಒರೆಸಿಕೊಂಡು, ಎಲ್ಲರ ತಲೆ ಮೇಲೂ ಫೋಟೋಗೆ ಅಂತ ಕೊಟ್ಟ ಶಂಕುವಿನಾಕಾರದ ಟೊಪ್ಪಿ. ಹಿಂದಿನ ದೋಣಿಯಲ್ಲಿ ಯಾರೋ ಜೋರಾಗಿ ಕನ್ನಡದಲ್ಲಿ ಫೋನ್ ಮಾಡಿ ಕಾರ್ ಪಾರ್ಕಿಂಗ್ ಜಗಳ ಬಗೆಹರಿಸುತ್ತಿದ್ದರು. ನಾನು ಟೊಪ್ಪಿ ಮುಂದಕ್ಕೆ ಎಳೆದುಕೊಂಡೆ.

ನದಿಯ ಬಗ್ಗೆ ಗೈಡ್ ಹುಡುಗ ಮಾತಾಡಿದ್ದು ವಾಪಸ್ ಬರುವಾಗ, ಅದೂ ದೊಡ್ಡಮ್ಮ ಕೇಳಿದ್ದಕ್ಕೆ. ಇಷ್ಟು ನೀರು ಐತಲ್ಲ, ಜಗಳ ಇಲ್ವಾ ಅಂದರು. ಇದೆ ಅಂದ. ಟಿಬೆಟ್ ಕಡೆಯಿಂದ ಸುಮಾರು 4,350 ಕಿಲೋಮೀಟರ್ ಹರಿದು, ಆರು ದೇಶ ದಾಟಿ ಇಲ್ಲಿಗೆ ಬರುತ್ತದೆ. ಮೇಲೆ ಚೀನಾ ಕಟ್ಟೆ ಕಟ್ಟಿದೆ, ಲಾವೋಸ್ ಕಟ್ಟಿದೆ. ಬೇಸಿಗೆಯಲ್ಲಿ ನದಿ ಸೊರಗಿದರೆ ಸಮುದ್ರದ ಉಪ್ಪು ನೀರು ಒಳಕ್ಕೆ ನುಗ್ಗುತ್ತದೆ. 2016ರಲ್ಲೂ 2020ರಲ್ಲೂ ಬೆನ್ ತ್ರೆಯಲ್ಲಿ ಕುಡಿಯೋ ನೀರಿಗೇ ಕಷ್ಟವಾಗಿತ್ತು. ಕೆಳಗಿನ ನಾಲ್ಕು ದೇಶ ಸೇರಿ 1995ರಲ್ಲಿ ಒಂದು ಆಯೋಗ ಮಾಡಿಕೊಂಡಿವೆ, ಚೀನಾ ಅದರ ಸದಸ್ಯ ಅಲ್ಲ.

"ಮೇಲಿನೋರಿಗೆ ಆಯೋಗ ಯಾಕೆ ಬೇಕು?" ಅಂದರು ದೊಡ್ಡಮ್ಮ.

"ನಾವೂ ಮೇಲಿನೋರೇ ಅಲ್ವಾ ದೊಡ್ಡಮ್ಮ, ಕಾವೇರಿಗೆ" ಅಂತ ಕೆಣಕಿದೆ.

"ನೀನು ಇರಬೌದು. ನಾನು ನಾಲೆ ಕೊನೇಲಿ ಇರೋಳು. ಹೇಮಾವತಿ ನಮ್ಮ ಕೆರೆಗೆ ಯಾವತ್ತು ನೆಟ್ಟಗೆ ಬಂದವ್ಳೆ?"

ಆಮೇಲೆ ಅವರು ದಡ ನೋಡುತ್ತಾ ಕೂತರು. ನಾನು ಲೆಕ್ಕ ಹಾಕಿದೆ. ಹತ್ತು ಗಂಟೆಯ ಪ್ರವಾಸದಲ್ಲಿ ನೀರಿನ ಮೇಲೆ ಇದ್ದಿದ್ದು ಹೆಚ್ಚೆಂದರೆ ಒಂದು ಗಂಟೆ. ಜೋಗ ಆದರೆ ಕಂಬಿ ಹಿಡಿದು ನಿಂತು ನೋಡಬಹುದು. ಡೆಲ್ಟಾವನ್ನು ನೋಡೋಕೆ ಎಲ್ಲಿ ನಿಲ್ಲಬೇಕು? ಎತ್ತರದ ಒಂದು ದಿಬ್ಬವೂ ಇಲ್ಲ. ಎಲ್ಲಿ ನಿಂತರೂ ಒಂದು ಕಾಲುವೆ, ನಾಲ್ಕು ಮರ. ಆ ಮುಖ್ಯವಾದ ಮಾತು ಇಲ್ಲೇ ಎಲ್ಲೋ ಬರಬೇಕಿತ್ತು. ಅಷ್ಟರಲ್ಲಿ ಗೈಡ್ ಬಂದು ಎಲ್ಲರೂ ಐದು ಸ್ಟಾರ್ ಕೊಡಿ ಅಂದ, ಕೊಟ್ಟೆ, ಮರೆತುಹೋಯಿತು.

ಡಾಕ್ಟರಮ್ಮನ ಹತ್ತಿರದಿಂದ ಬಂದು ದೊಡ್ಡಮ್ಮನಿಗೆ ಫೋನ್ ಮಾಡಿದೆ, ಬಾಯಿ ಇನ್ನೂ ಮರಗಟ್ಟಿತ್ತು.

"ನಾನು ಆವತ್ತೇ ಹೇಳ್ಲಿಲ್ವಾ, ಪಾಕ ಮುಂದೆ ಹೋಗೈತೆ ಅಂತ" ಅಂದರು. ಆಮೇಲೆ, "ಅಲ್ಲಾ, ಆ ಹುಡುಗನಿಗೆ ಅಟ್ಟದ ಫೋಟೋ ಕಳಿಸಿದ್ಯಾ?"

"ಇಲ್ಲ ದೊಡ್ಡಮ್ಮ."

"ಬಂದು ತಕ್ಕೊಂಡು ಹೋಗು. ಮುಂದಿನ ವಾರ ಇಳಿಸಿಬಿಡ್ತೀನಿ, ರೇಟು ಬಂದೈತೆ."