ಮೊದಲು ಚಪ್ಪಾಳೆ, ಆಮೇಲೆ ಹಾಡು

ಹೋದ ತಿಂಗಳು ಹುಬ್ಬಳ್ಳಿಯ ಒಂದು ಮೈದಾನದಲ್ಲಿ ಕೂತು ನಾನು ಖಾಲಿ ವೇದಿಕೆಗೆ ಚಪ್ಪಾಳೆ ಹೊಡೆದೆ. ನಾನೊಬ್ಬನೇ ಅಲ್ಲ, ಬಂದವರೆಲ್ಲ ಹೊಡೆದರು. ಸಂಜೆ ಐದೂವರೆ, ಬಿಸಿಲು ಇನ್ನೂ ಇಳಿದಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ಮುಂದೆ ನಿಂತು, "ಜೋರ್ ಹೊಡೀರಿ, ಇನ್ನೊಮ್ಮೆ, ನಕ್ಕೋತ ಹೊಡೀರಿ" ಅನ್ನುತ್ತಿದ್ದ. ಪಕ್ಕದ ಅಜ್ಜ ಕೇಳಿದ: "ಯಾರಿಗೋ ತಮ್ಮಾ ಇದು?"

"ಎಲ್ಲಾರಿಗೂ ಸೇರಿಸೇ ಅಜ್ಜಾ. ಆಮ್ಯಾಲೆ ಕಟ್ ಮಾಡಿ ಬೇಕಾದಲ್ಲಿ ಹಚ್ತೀವಿ."

ಅದು ಸಹಾಯಾರ್ಥ ಸಂಗೀತ ಸಂಜೆ. ಮಳೆ ಬಂದರೆ ಸೋರುವ ಒಂದು ಹಳ್ಳಿ ಶಾಲೆಗೆ ಹೊಸ ತಗಡು ಹಾಕಿಸಬೇಕು. ಅದಕ್ಕೆ ಜಗ್ಗಲಗಿ ಅನ್ನೋ ದೊಡ್ಡ ಚರ್ಮವಾದ್ಯದ ಮೇಳ, ಸಿನಿಮಾ ಹಾಡಿನ ಆರ್ಕೆಸ್ಟ್ರಾ, ಮಿಮಿಕ್ರಿ, ರ‍್ಯಾಪ್ ಹಾಡುವ ಹುಡುಗ, ಧಾರವಾಡದಿಂದ ಒಬ್ಬ ಹಿಂದೂಸ್ತಾನಿ ಗಾಯಕರು. ಎಲ್ಲಾ ಕಲಸಿದ ಗಿರ್ಮಿಟ್. ತಪ್ಪೇನಿಲ್ಲ, ಗಿರ್ಮಿಟ್ ನಮಗೆ ಇಷ್ಟವೇ. ಆದರೆ ಚುರುಮುರಿಗಿಂತ ಉಳ್ಳಾಗಡ್ಡಿ ಜಾಸ್ತಿ ಆಗಿತ್ತು. ಉಳ್ಳಾಗಡ್ಡಿ ಅಂದರೆ ಸನ್ಮಾನ. ಜೊತೆಗೆ ಏಳು ಕ್ಯಾಮೆರಾ, ಒಂದು ಕ್ರೇನು, ತಲೆ ಮೇಲೆ ಗುಂಯ್‌ಗುಡುವ ಡ್ರೋನು. ಗಣ್ಯರ ಮೇಲೆ ಒಂದು ಹನಿಯೂ ಬೀಳದ ಹಾಗೆ ವೇದಿಕೆಗೆ ಗಟ್ಟಿ ಚಾವಣಿ. ಅದನ್ನೇ ಬಿಚ್ಚಿ ಲಾರಿಗೆ ಹಾಕಿ ಶಾಲೆಗೆ ಕಳಿಸಿದ್ದರೆ ಎಲ್ಲರೂ ಐದೂವರೆಗೇ ಮನೆಗೆ ಹೋಗಬಹುದಿತ್ತು, ಅಲ್ವಾ?

ಶಾಲೆಯ ಹೆಡ್‌ಮಾಸ್ತರು ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಅವರಿಗೆ ಆರಡಿ ಉದ್ದದ ಥರ್ಮಾಕೋಲ್ ಚೆಕ್ಕು ಕೊಡುವ ಕಾರ್ಯಕ್ರಮ. ಮೊದಲ ಸಲ ಕೊಟ್ಟಾಗ ಗಣ್ಯರೊಬ್ಬರ ಮುಖಕ್ಕೆ ಚೆಕ್ಕೇ ಅಡ್ಡ ಬಂತು. ಎರಡನೇ ಸಲ ಮಾಸ್ತರು ನಗಲಿಲ್ಲ. ಮೂರನೇ ಸಲ ಸರಿಯಾಯಿತು. ಆಮೇಲೆ ಹುಡುಗ ಬಂದು ಚೆಕ್ಕನ್ನೇ ಎತ್ತಿಕೊಂಡು ಹೋದ. ನಾಡಿದ್ದು ಹಾವೇರಿಯ ಕಾರ್ಯಕ್ರಮಕ್ಕೂ ಅದೇ ಬೇಕಂತೆ, ಮೊತ್ತ ಅಷ್ಟೇ ಅಳಿಸಿ ಬರೆಯುತ್ತಾರಂತೆ.

ಗಾಯಕರ ಸರದಿ ಬಂದಾಗ ಒಂಬತ್ತು ನಲವತ್ತು. ಹತ್ತಕ್ಕೆ ಮೈಕು ಬಂದ್ ಆಗಬೇಕು, ಅದು ಕಾನೂನು. ಭಾಷಣವೆಲ್ಲ ನಿಧಾನದ ವಿಳಂಬಿತ್, ರಾಗಕ್ಕೆ ಮಾತ್ರ ಓಡುವ ದ್ರುತ್. ಗಾಯಕರು ಸುಮ್ನೆ ನಕ್ಕು ತಂಬೂರಿ ಕೂಡಿಸಿದರು. ಮೈದಾನದಲ್ಲಿ ಮೊದಲ ಸಲ ಎಲ್ಲರೂ ಮಾತು ನಿಲ್ಲಿಸಿದರು. ಅಷ್ಟರಲ್ಲಿ ಹೆಡ್‌ಫೋನ್ ಹುಡುಗ ಓಡಿ ಬಂದ.

"ಸರ್, ಒಂಥರಾ ಜುಂಯ್ ಅಂತ ನಾಯ್ಸ್ ಬರಾಕತ್ತೇತ್ರಿ. ವೈರ್ ಲೂಸ್ ಐತೇನು?"

"ನಾಯ್ಸ್ ಅಲ್ಲಪಾ, ಅದು ಜವಾರಿ."

"ಜವಾರಿ ಬ್ಯಾಡ್ರಿ ಸರ್. ಕ್ಲೀನ್ ಸೌಂಡ್ ಕೊಡ್ರಿ."

ತಂಬೂರಿಯ ತಂತಿಗಳು ಕೂರುವ ಪಟ್ಟಿಗೆ ಕುದುರೆ ಅಂತಾರೆ; ಆ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸಿ, ಕೂದಲೆಳೆಯಷ್ಟು ಸರಿಸಿ ಸರಿಸಿ ತರುವ ಝೇಂಕಾರ ಅದು. ಅದಿಲ್ಲದಿದ್ದರೆ ತಂಬೂರಿ ಬರೀ ಒಣ ಸೋರೆಬುರುಡೆ. ಬದನೆಕಾಯಿ ಜವಾರಿ (ಅಂದರೆ ನಾಟಿ) ಬೇಕು, ಕೋಳಿ ಜವಾರಿ ಬೇಕು ಅಂತ ಸಂತೆಯಲ್ಲಿ ಜಗಳ ಮಾಡೋ ಊರಿನಲ್ಲಿ ತಂಬೂರಿಯ ಜವಾರಿಯನ್ನು ಫಿಲ್ಟರ್ ಹಾಕಿ ತೆಗೆದರು. ಹಿಂದೂಸ್ತಾನಿಯ ದೊಡ್ಡ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಧಾರವಾಡ ಇಲ್ಲಿಂದ ಇಪ್ಪತ್ತು ಕಿಲೋಮೀಟರ್.

1971ರ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ದೊಡ್ಡ ಕಛೇರಿ ಆಯಿತು. ಸಿತಾರಿನ ರವಿಶಂಕರ್, ಸರೋದಿನ ಅಲಿ ಅಕ್ಬರ್ ಖಾನ್ ವಾದ್ಯ ಶ್ರುತಿ ಮಾಡಿಕೊಂಡರು, ಜನ ಅದನ್ನೇ ಸಂಗೀತ ಅಂದುಕೊಂಡು ಚಪ್ಪಾಳೆ ಹೊಡೆದರು. ಶ್ರುತಿಯೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸೀತು ಅಂತ ರವಿಶಂಕರ್ ನಗೆಯಾಡಿದರು. ಆ ಮಂದಿಯನ್ನು ನೋಡಿ ನಾವು ಧಾರವಾಡದವರು ಐವತ್ತು ವರ್ಷದಿಂದ ನಗುತ್ತಿದ್ದೇವೆ. ಇನ್ನು ನಗುವ ಹಾಗಿಲ್ಲ. ಅವರು ಶ್ರುತಿಗಾದರೂ ಹೊಡೆದರು, ನಾವು ಖಾಲಿ ವೇದಿಕೆಗೆ ಹೊಡೆದೆವು. (ಅಲ್ಲಿ ಟಿಕೆಟಿನ ದುಡ್ಡು ಬೇಗ ಹೋಯಿತು, ರೆಕಾರ್ಡು ಮತ್ತು ಸಿನಿಮಾದ ದುಡ್ಡು ತೆರಿಗೆ ತಕರಾರಿನಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿತು. ರೆಕಾರ್ಡಿಂಗ್ ಅಂದರೆ ಹಾಗೇ.)

ನಮ್ಮ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು ನಾಟಕ ಕಂಪನಿ ಕಟ್ಟಿ, ಊರೂರು ತಿರುಗಿ, ಬಂದ ದುಡ್ಡಲ್ಲಿ ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಅವರ ಬಳಿ ಕ್ರೇನು ಇರಲಿಲ್ಲ ಪಾಪ.

ಮೊನ್ನೆ ವಿಡಿಯೋ ಬಂತು. ಭಾಷಣಗಳಿಗೆಲ್ಲ ನಮ್ಮ ಐದೂವರೆಯ ಚಪ್ಪಾಳೆ ಹಚ್ಚಿದ್ದಾರೆ. ರಾತ್ರಿ ಭಾಷಣ, ಚಪ್ಪಾಳೆಯಲ್ಲಿ ಮಾತ್ರ ಬಿಸಿಲು. ಗಾಯಕರದು ನಲವತ್ತು ಸೆಕೆಂಡು. ಮಾಸ್ತರು ಶಾಲೆಯ ಕಷ್ಟ ಹೇಳುವಾಗ ನಾನೇ ಬರುತ್ತೇನೆ, ಹತ್ತಿರದಿಂದ ತೆಗೆದಿದ್ದಾರೆ, ಕಣ್ಣೀರು ಒರೆಸಿಕೊಳ್ಳುತ್ತಿದ್ದೇನೆ. ಬೀಗರೆಲ್ಲ ಫೋನ್ ಮಾಡಿ ನಿಮ್ಮದು ಎಂಥಾ ಮನಸ್ಸು ಅಂದರು. ಅದು ಮಿರ್ಚಿ ಬಜಿಯ ಖಾರ ಅಂತ ಹೇಳಲಿಕ್ಕೆ ಮನಸ್ಸಾಗಲಿಲ್ಲ.

ಅವತ್ತು ಎಲ್ಲ ಮುಗಿದ ಮೇಲೆ ಮಾಸ್ತರು ವೇದಿಕೆ ಹಿಂದೆ ಕಾಯುತ್ತಾ ನಿಂತಿದ್ದರು. ಚೆಕ್ಕಿಗಲ್ಲ, ಫ್ಲೆಕ್ಸಿಗೆ. ನಲವತ್ತಡಿ ಫ್ಲೆಕ್ಸು, ತುಂಬಾ ಕೈ ಮುಗಿದ ಗಣ್ಯರು. ಹುಲ್ಲಿನ ಬಣವಿ ಮೇಲೆ ಹೊದಿಸಿದ ಹಾಗೆ ಶಾಲೆ ಮೇಲೆ ಹೊದಿಸಿದರೆ ಈ ಮಳೆಗಾಲಕ್ಕೆ ಸಾಕಂತೆ. ಮಡಚಲು ನಾನೂ ಒಂದು ತುದಿ ಹಿಡಿದೆ. ಅರ್ಧ ಮಡಚಿ, ಗಣ್ಯರ ಮುಖ ನೋಡುತ್ತಾ ಮಾಸ್ತರು ನಿಂತುಬಿಟ್ಟರು.

"ಮಾರಿ ಮ್ಯಾಲ ಮಾಡಿ ಹಾಕ್ಲೇನ್ರಿ, ಕೆಳಗ ಮಾಡಿ ಹಾಕ್ಲಿ? ಕೆಳಗ ಮಾಡಿದ್ರ ಒಂದನೇತ್ತಾ ಹುಡುಗ್ರು ಅಂಜ್ತಾವು. ಮ್ಯಾಲ ಮಾಡಿದ್ರ ಪಾರಿವಾಳ ಭಾಳ ಅದಾವ್ರಿ ನಮ್ಮಲ್ಲಿ."