ಕಾನ್ಕಾರ್ಡ್ ಮುಗಿದಿದ್ದು ಅಪಘಾತ ಒಂದರಿಂದ ಅಲ್ಲ

ಶಬ್ದಕ್ಕಿಂತ ವೇಗವಾಗಿ ಹಾರ್ತಿದ್ದ ಪ್ಯಾಸೆಂಜರ್ ವಿಮಾನ ಕಾನ್ಕಾರ್ಡ್ ಬಗ್ಗೆ ನೀವು ಬರೆದ ಲೇಖನ ತುಂಬಾ ಚೆನ್ನಾಗಿದೆ ಸರ್, ಆದ್ರೆ 2000ದಲ್ಲಿ ಪ್ಯಾರಿಸ್‌ನಲ್ಲಿ ಆದ ಅದರ ಅಪಘಾತನೇ ಅದನ್ನ ಮುಗಿಸ್ತು ಅನ್ನೋ ಥರ ಬರ್ದಿದೀರಲ್ಲ, ಅದನ್ನ ಒಪ್ಪೋದು ಕಷ್ಟ. ಅದಕ್ಕೆ ಪೆಟ್ಟು ಬಿದ್ದಿದ್ದು ಎಷ್ಟೋ ಮೊದ್ಲೇ. ಶಬ್ದಕ್ಕಿಂತ ವೇಗವಾಗಿ ಹೋದಾಗ ಕೆಳಗಿರೋ ಊರಿಗೆಲ್ಲ ಢಂ ಅಂತ ಸದ್ದು ಕೇಳತ್ತೆ, ಅದಕ್ಕೇ 1973ರಲ್ಲಿ ಅಮೆರಿಕ ತನ್ನ ನೆಲದ ಮೇಲೆ ಪ್ಯಾಸೆಂಜರ್ ವಿಮಾನಗಳು ಆ ವೇಗ ದಾಟಬಾರದು ಅಂತ ನಿಷೇಧ ಹಾಕ್ತು, ಅದೇ ವರ್ಷ ತೈಲದ ರೇಟೂ ಏರ್ತು, ಕೊನೆಗೆ ಉಳಿದ ಗಿರಾಕಿಗಳು ಅಂದ್ರೆ ಬ್ರಿಟಿಷ್ ಏರ್‌ವೇಸ್ ಮತ್ತೆ ಏರ್ ಫ್ರಾನ್ಸ್, ಎರಡೇ. ನೂರು ಜನಕ್ಕೆ ಅಷ್ಟೊಂದು ಇಂಧನ ಸುಟ್ರೆ ಟಿಕೆಟ್ ಯಾರಿಗೆ ಕೈಗೆಟುಕತ್ತೆ ಹೇಳಿ.

ಆದ್ರೂ ಎಂಥಾ ಇಂಜಿನಿಯರಿಂಗ್ ಅದು! ಲಂಡನ್ನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆ. ಗಾಳಿಯ ಬಿಸಿಗೆ ಮೂತಿ ಹತ್ರ 120 ಡಿಗ್ರಿ ದಾಟ್ತಿತ್ತು, ಇಡೀ ವಿಮಾನ ಹಾರ್ತಾ ಹಾರ್ತಾನೇ 15 ಸೆಂಟಿಮೀಟರಿಗಿಂತ ಜಾಸ್ತಿ ಉದ್ದ ಆಗ್ತಿತ್ತು. ವೇಗ ಏರಿದ ಹಾಗೆ ಬ್ಯಾಲೆನ್ಸ್ ಬದಲಾಗತ್ತಲ್ಲ, ಅದಕ್ಕೆ ಟ್ಯಾಂಕಿಂದ ಟ್ಯಾಂಕಿಗೆ ಇಂಧನನ ಹಿಂದಕ್ಕೆ ಪಂಪ್ ಮಾಡಿ ಸರಿಮಾಡ್ತಿದ್ರು, ಇಳಿಯೋವಾಗ ಮತ್ತೆ ಮುಂದಕ್ಕೆ. ಇದು 1969ರಲ್ಲಿ ಮೊದಲು ಹಾರಿದ ವಿಮಾನ ಅನ್ನೋದು ನೆನಪಿರ್ಲಿ, ಅದೇ ನನಗೆ ಇವತ್ತಿಗೂ ಆಶ್ಚರ್ಯ.

2025ರ ಜನವರಿಯಲ್ಲಿ ಬೂಮ್ ಕಂಪನಿಯ ಎಕ್ಸ್‌ಬಿ-1 ಅನ್ನೋ ಪರೀಕ್ಷಾ ವಿಮಾನ ಶಬ್ದದ ವೇಗ ದಾಟಿದ್ದನ್ನೂ ಲೇಖನದಲ್ಲಿ ಸೇರಿಸಿ ಸರ್, ಈಗಿನ ಓದುಗರಿಗೆ ಅದು ಬೇಕು.