ಮಂಡಿನೋವಿನ ಮಾತ್ರೆಗೆ ಬಿ.ಪಿ. ವಿಚಾರಣೆ ಏಕೆ?

ಕಳೆದ ಚಳಿಗಾಲದಲ್ಲಿ ಅರಸೀಕೆರೆಯಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದ ಅಮ್ಮನಿಗೆ ಮಂಡಿನೋವು ಜೋರಾದಾಗ, ಹತ್ತಿರದ ಔಷಧದಂಗಡಿಗೆ ಕರೆದುಕೊಂಡು ಹೋಗಿ ಐಬುಪ್ರೊಫೆನ್ ಕೇಳಿದೆ. ಕೌಂಟರಿನ ಹಿಂದಿದ್ದ ಫಾರ್ಮಸಿಸ್ಟ್, ಮಾತ್ರೆ ಯಾರಿಗೆ, ವಯಸ್ಸೆಷ್ಟು, ಬೇರೆ ಯಾವ ಔಷಧ ನಡೆಯುತ್ತಿದೆ ಎಂದು ಒಂದೊಂದಾಗಿ ವಿಚಾರಿಸಿದರು. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ ಎಂದು ಹೇಳಿದ ಕೂಡಲೇ, ಹಾಗಿದ್ದರೆ ಇದನ್ನು ಕೊಡಲಾರೆ ಎಂದು ನಯವಾಗಿಯೇ ತಿಳಿಸಿ, ಪ್ಯಾರಾಸಿಟಮಾಲ್ ಡಬ್ಬಿಯನ್ನೂ ಮಂಡಿಗೆ ಹಚ್ಚುವ ಒಂದು ಜೆಲ್ಲನ್ನೂ ಮುಂದಿಟ್ಟರು. ಅಮ್ಮನಿಗೆ ಅವಮಾನವಾದಂತಾಯಿತು. "ನೋವಿನ ಮಾತ್ರೆಗೆ ಇಷ್ಟು ವಿಚಾರಣೆನಾ? ನಮ್ಮ ಬಸ್ ಸ್ಟ್ಯಾಂಡ್ ಮೆಡಿಕಲ್ಸ್‌ನೋರು ಮುಖ ನೋಡಿಯೇ ಕೊಡ್ತಾರಪ್ಪ" ಎಂದಳು. ನನಗೂ ಒಳಗೊಳಗೇ ಹಾಗೆಯೇ ಅನಿಸಿತ್ತು.

ಆದರೆ ಆ ನಿರಾಕರಣೆಗೆ ಕಾರಣವಿತ್ತು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮೊದಲಾದವೆಲ್ಲ ಒಂದೇ ಗುಂಪಿನ ಔಷಧಗಳು. ನೋವು ಮತ್ತು ಊತಕ್ಕೆ ಕಾರಣವಾಗುವ ಪ್ರೋಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕವನ್ನು ಅವು ತಡೆಯುತ್ತವೆ. ಅದೇ ರಾಸಾಯನಿಕವೇ ಜಠರದ ಒಳಪದರವನ್ನು ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ತರುವ ನಾಳಗಳನ್ನು ತೆರೆದಿಡುತ್ತದೆ. ಅಮ್ಮನ ಬಿ.ಪಿ. ಮಾತ್ರೆಯ ಒಂದು ಅಂಶ ಮೂತ್ರಪಿಂಡದೊಳಗಿನ ಒತ್ತಡವನ್ನು ಇಳಿಸಿದರೆ, ಇನ್ನೊಂದು ದೇಹದ ನೀರನ್ನು ಮೂತ್ರವಾಗಿ ಹೊರಹಾಕುತ್ತದೆ. ಇವೆರಡರ ಮೇಲೆ ನೋವಿನ ಮಾತ್ರೆಯೂ ಬಿದ್ದು ಒಳಬರುವ ರಕ್ತವನ್ನೇ ಕಡಿಮೆ ಮಾಡಿದರೆ, ವಯಸ್ಸಾದವರಲ್ಲಿ, ಅದರಲ್ಲೂ ವಾಂತಿಭೇದಿಯೋ ಬಿರುಬೇಸಿಗೆಯೋ ಜೊತೆಗೂಡಿದಾಗ, ಮೂತ್ರಪಿಂಡ ಏಕಾಏಕಿ ಕೈಕೊಡಬಹುದು.

ನಮ್ಮ ಕಡೆ ನೋವಿನ ಮಾತ್ರೆಯ ಬಗ್ಗೆ ಎಚ್ಚರಿಕೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಮಾತ್ರೆ ಉಷ್ಣ, ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ಮೇಲೊಂದು ಲೋಟ ಮಜ್ಜಿಗೆ ಕುಡಿ ಎನ್ನದ ಮನೆ ಯಾವುದಿದೆ? ಅಂಗಡಿಯವರೂ ಕೇಳದೆಯೇ ಒಂದು ಗ್ಯಾಸ್ ಮಾತ್ರೆಯನ್ನು ಸೇರಿಸಿ ಕೊಡುತ್ತಾರೆ. ಆದರೆ ಈ ಕಾಳಜಿಯೆಲ್ಲ ಹೊಟ್ಟೆಗೇ ಮೀಸಲು. ಉರಿ ಬಂದರಷ್ಟೇ ಅಡ್ಡಪರಿಣಾಮ, ಉರಿಯದಿದ್ದರೆ ಮಾತ್ರೆ ಒಗ್ಗಿತು ಎಂಬ ಲೆಕ್ಕ. ಪ್ಯಾಂಟೊಪ್ರಜೋಲ್‌ನಂಥ ಆ ಗ್ಯಾಸ್ ಮಾತ್ರೆ ಜಠರವನ್ನು ಕಾಯಬಹುದು, ಮೂತ್ರಪಿಂಡವನ್ನು ಕಾಯಲಾರದು. ಮೂತ್ರಪಿಂಡವಾದರೋ ಬಹುಮಟ್ಟಿಗೆ ಹಾಳಾಗುವವರೆಗೂ ನೋಯುವುದಿಲ್ಲ. ಪ್ಯಾರಾಸಿಟಮಾಲ್‌ನ ಕಥೆ ಇನ್ನೂ ವಿಚಿತ್ರ. ಅದು ಹೊಟ್ಟೆಯನ್ನು ಉರಿಸುವುದಿಲ್ಲವಾದ್ದರಿಂದ ನಮ್ಮವರ ಕಣ್ಣಿಗೆ ಅದು ಔಷಧವೇ ಅಲ್ಲ. ಜ್ವರಕ್ಕೆ ಬೆಂಗಳೂರಿನ ಕಂಪನಿಯದೇ ಆದ ಡೋಲೊ 650, ಮಂಡಿಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆತ ಅಸೆಕ್ಲೋಫೆನಾಕ್, ನೆಗಡಿಗೆ ಮತ್ತದೇ ಬೆರೆತ ಇನ್ನೊಂದು ಮಾತ್ರೆ, ಹೀಗೆ ಮೂರು ಹೆಸರಿನಲ್ಲಿ ಒಂದೇ ಔಷಧ ಒಳಗೆ ಹೋಗುತ್ತಿರುತ್ತದೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇರೆ. ಅದನ್ನು ಬಹಳ ಮೀರಿದರೆ ಯಕೃತ್ತು ಹಾಳಾಗುತ್ತದೆ, ಆದರೂ ಮೊದಲ ದಿನ ಮನುಷ್ಯ ಹೆಚ್ಚುಕಡಿಮೆ ಆರಾಮಾಗಿಯೇ ಇರುತ್ತಾನೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಡೈಕ್ಲೋಫೆನಾಕ್ ಕೊಟ್ಟ ಜಾನುವಾರುಗಳ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವೆಂದು ಗೊತ್ತಾದ ಮೇಲೆ, 2006ರಲ್ಲಿ ಭಾರತ ಸರ್ಕಾರ ಆ ಔಷಧದ ಪಶುಬಳಕೆಯನ್ನು ನಿಲ್ಲಿಸಿತು. 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವೂ ಆಯಿತು. ಮನುಷ್ಯನಿಗೆ ಅದು ಹಕ್ಕಿಗಾದಷ್ಟು ವಿಷವಲ್ಲ, ಒಪ್ಪೋಣ. ಆದರೆ ಹೃದಯಕ್ಕೆ ಅಪಾಯವಿದೆಯೆಂದು 2015ರಿಂದ ಬ್ರಿಟನ್ನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗದ ಡೈಕ್ಲೋಫೆನಾಕ್ ಮಾತ್ರೆ, ಪಟ್ಟಿಯ ಮೇಲೆ ಚೀಟಿ ಬೇಕೆನ್ನುವ ಕೆಂಪು ಗೆರೆ ಇದ್ದರೂ ನಮ್ಮೂರಿನಲ್ಲಿ ಬಾಯಿಮಾತಿಗೆ ಸಿಗುತ್ತದೆ. ಕತ್ತರಿಯಲ್ಲಿ ತುಂಡರಿಸಿದ ನಾಲ್ಕು ಮಾತ್ರೆಗಳಲ್ಲಿ ಔಷಧದ ಹೆಸರಿರುವ ತುಂಡು ನಮಗೆ ಬರುವುದೋ ಅಂಗಡಿಯಲ್ಲೇ ಉಳಿಯುವುದೋ ಅದೃಷ್ಟಕ್ಕೆ ಬಿಟ್ಟದ್ದು.

ಬ್ರಿಟನ್ನಿನಲ್ಲಿ 1998ರಿಂದ ಪ್ಯಾರಾಸಿಟಮಾಲ್ ಡಬ್ಬಿಗೆ ಮಿತಿಯಿದೆ: ದಿನಸಿ ಅಂಗಡಿಯಲ್ಲಿ ಡಬ್ಬಿಗೆ 16 ಮಾತ್ರೆ, ಔಷಧದಂಗಡಿಯಲ್ಲಿ 32. ಮೂರನೆಯ ಡಬ್ಬಿ ಕೈಗೆತ್ತಿಕೊಂಡರೆ ಬಿಲ್ಲಿನ ಯಂತ್ರವೇ ತಡೆಯುತ್ತದೆ. ಮನೆಮಂದಿಗೆಲ್ಲ ಜ್ವರ ಬಂದ ವಾರ ಈ ನಿಯಮವನ್ನು ನಾನು ಶಪಿಸಿದ್ದುಂಟು. ಆವೇಶದ ಗಳಿಗೆಯಲ್ಲಿ ಮನೆಯಲ್ಲಿರುವುದನ್ನೆಲ್ಲ ನುಂಗುವವರಿಗೆ ಕೈಗೆಟುಕುವುದೇ ಕಡಿಮೆಯಿರಲಿ ಎಂಬುದು ಅದರ ಉದ್ದೇಶ, ಮತ್ತು ಆ ಬಗೆಯ ಸಾವುಗಳು ಆಮೇಲೆ ಗಣನೀಯವಾಗಿ ಇಳಿದವು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಅಂದು ನಮಗೆ ನಿರಾಕರಿಸಿದ ಐಬುಪ್ರೊಫೆನ್ ಅದೇ ಬೀದಿಯ ದಿನಸಿ ಅಂಗಡಿಯಲ್ಲಿ ಬಿಸ್ಕತ್ತಿನ ಆಚೆ ಕಪಾಟಿನಲ್ಲಿತ್ತು. ಅಲ್ಲಿ ಪ್ರಶ್ನಿಸುವವರು ಯಾರೂ ಇರಲಿಲ್ಲ. ಚಟ ಹಿಡಿಸಬಲ್ಲ ಕೊಡೀನ್ ಬೆರೆತ ಪ್ಯಾರಾಸಿಟಮಾಲ್ ಕೂಡ ಇಲ್ಲಿನ ಔಷಧದಂಗಡಿಗಳಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, ಮೂರು ದಿನಕ್ಕಿಂತ ಹೆಚ್ಚು ಬೇಡವೆಂಬ ಎಚ್ಚರಿಕೆಯೊಂದಿಗೆ.

ಇನ್ನೊಂದು ಸಂಗತಿ ಒಪ್ಪಲು ನನಗೆ ಕಷ್ಟವಾಗುತ್ತದೆ. ಲೀಡ್ಸ್‌ನ ಫಾರ್ಮಸಿಸ್ಟ್‌ಗೆ ಅಮ್ಮ ಯಾರೆಂದೇ ಗೊತ್ತಿರಲಿಲ್ಲ, ಆದ್ದರಿಂದ ಕೇಳಬೇಕಾಯಿತು. ಅರಸೀಕೆರೆಯ ಮೆಡಿಕಲ್ಸ್‌ನವರಿಗೆ ಕೇಳುವ ಅಗತ್ಯವೇ ಇಲ್ಲ; ಪ್ರತಿ ತಿಂಗಳು ಬಿ.ಪಿ. ಮಾತ್ರೆ ಕೊಡುವವರೂ ಅವರೇ, ಮಂಡಿಯ ಮಾತ್ರೆ ಕೊಡುವವರೂ ಅವರೇ, ಅಮ್ಮನ ಸಾಲದ ಪುಟದಲ್ಲಿ ಎರಡನ್ನೂ ಒಂದರ ಕೆಳಗೊಂದು ಬರೆದುಕೊಳ್ಳುವವರೂ ಅವರೇ. ನಾಲ್ಕಕ್ಕಿಂತ ಹೆಚ್ಚು ಕೇಳಿದರೆ "ಡಾಕ್ಟರ್‌ಗೆ ತೋರಿಸಿಕೊಳ್ಳಿ ಅಮ್ಮಾ" ಎನ್ನುವ ವಿವೇಕವೂ ಅವರಿಗಿದೆಯೆಂದು ಅಮ್ಮ ಹೇಳುತ್ತಾಳೆ. ಈ ಸಲ ಊರಿಗೆ ಹೋದಾಗ ಆ ಪುಟವನ್ನು ಅವರ ಮುಂದೆಯೇ ತೆರೆದಿಟ್ಟು, ಎರಡನ್ನೂ ಒಟ್ಟಿಗೆ ಕೊಡಬೇಡಿ ಎಂದು ಕೇಳಿಕೊಳ್ಳುವವನಿದ್ದೇನೆ.